ಅಪ್ಪನ ಪದ್ಮಿನಿ ಕಾರು ರಿಪೇರಿ ಮಾಡಿಸಲೋ, ಗುಜರಿಗೆ ಹಾಕಲೋ? ಅನುಭವ ಇದ್ದವರು ಹೇಳಿ

ಶೆಡ್_ಪದ್ಮಿನಿ (ಕೇಳಿದವರು):
ಅಪ್ಪ ತಗೊಂಡ 1981ರ ಪ್ರೀಮಿಯರ್ ಪದ್ಮಿನಿ ಶೆಡ್‌ನಲ್ಲಿ ನಿಂತು ಒಂಬತ್ತು ವರ್ಷ ಆಯಿತು. ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿದಿದೆ. ಇಂಜಿನ್ ಜಾಮ್ ಆಗಿಲ್ಲ, ಫ್ಯಾನ್ ಕೈಯಲ್ಲಿ ಎಳೆದರೆ ತಿರುಗುತ್ತದೆ. ಎರಡು ಲಕ್ಷಕ್ಕೆ ಎಲ್ಲ ಆಗುತ್ತದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ನಿಜವಾಗಿ ಎಷ್ಟಾಗುತ್ತದೆ? ಮಾಡಿಸಿದವರು ಹೇಳಿ.

ಸ್ಟೇರಿಂಗ್‌ಗೇರ್84:
ಎರಡು ಲಕ್ಷನಾ? ನನಗೂ ಅದನ್ನೇ ಹೇಳಿದ್ದರು! ಡೈರಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ, ನೋಡಿ. ಟಿಂಕರಿಂಗ್ (ಬಾಡಿ ತಗಡಿನ ಕೆಲಸ) 92,000. ಪೇಂಟ್ 74,000. ಬೋರಿಂಗ್, ಪಿಸ್ಟನ್, ವಾಲ್ವ್ ಸೇರಿ ಇಂಜಿನ್‌ಗೆ 61,500. ಬ್ರೇಕ್ 18,200. ಸೀಟು, ರೂಫ್ ಬಟ್ಟೆ 27,000. ಕ್ರೋಮ್ 22,000. ವೈರಿಂಗ್ 14,000. ಒಟ್ಟು 3,08,700. ಬಿಡಿಭಾಗಕ್ಕೆ ಅಂತ ಬೆಂಗಳೂರಿನ ಜೆ.ಸಿ. ರಸ್ತೆಗೆ ಹದಿನೇಳು ಸಲ ಓಡಾಡಿದ್ದು ಇದರಲ್ಲಿ ಇಲ್ಲ.

ಟಿಂಕರಿಂಗ್ ಅಷ್ಟೊಂದು ಯಾಕೆ ಅಂದ್ರೆ, ಹೊರಗಿನಿಂದ ಗಾಡಿ ಚೆನ್ನಾಗೇ ಇತ್ತು. ಮಗಳು ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ತಂದು ಬಾಗಿಲ ಕೆಳಗೆ ಇಟ್ಟಳು. ಟಪ್ ಅಂತ ಬಿತ್ತು. ಇನ್ನೊಂದು ಕಡೆ ಇಟ್ಟಳು, ಅಲ್ಲೂ ಬಿತ್ತು. ಅಷ್ಟೂ ತಗಡಲ್ಲ, ಮೇಲೆ ಮೆತ್ತಿದ ಬರೀ ಪುಟ್ಟಿ. ಕೆರೆದು ನೋಡಿದರೆ ಒಳಗೆ ತಗಡೇ ಇಲ್ಲ, ಹಪ್ಪಳದ ಹಾಗೆ ಉದುರಿತು. ಮ್ಯಾಟ್ ಎತ್ತಿದರೆ ಕ್ಲಚ್ ಪೆಡಲ್ ಕೆಳಗೆ ನೆಲ ಕಾಣುತ್ತಿತ್ತು. ಮೊದಲನೇ ಟಿಂಕರ್ 40,000 ಅಡ್ವಾನ್ಸ್ ತಗೊಂಡು ಐದು ತಿಂಗಳು ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿದ. ಆ 40,000ವೂ ಮೇಲಿನ ಲೆಕ್ಕದಲ್ಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದಿನ ಗ್ಲಾಸಿನ ಸುತ್ತ ಹಾಕುವ ರಬ್ಬರ್ ಬೀಡಿಂಗ್ ಮೂರು ಸಲ ತಂದೆ. ಮೂರನೆಯದೂ ಸರಿಯಾಗಿ ಕೂರಲಿಲ್ಲ. ಮಳೆ ಬಂದರೆ ಇವತ್ತಿಗೂ ನನ್ನ ಎಡ ಮಂಡಿ ಮೇಲೆ ತೊಟ್ಟಿಕ್ಕುತ್ತದೆ. ಆದ್ರೂ ಮಾಡಿಸಿದ್ದು ಒಳ್ಳೇದೇ ಆಯ್ತು.

ಮಾರಿಬಿಟ್ಟೆ:
ಮಂಡಿ ಮೇಲೆ ನೀರು ಬೀಳಿಸಿಕೊಳ್ಳೋಕೆ ಮೂರು ಲಕ್ಷ ಕೊಟ್ಟಿದ್ದೀರಿ. ಭೇಷ್.

ನಮ್ಮದು 1977ರ ಅಂಬಾಸಿಡರ್, ಮಾರ್ಕ್ 3. 1,60,000 ಸುರಿದೆ, 85,000ಕ್ಕೆ ಕೊಟ್ಟೆ. ಒಂದು ಚೂರೂ ಬೇಜಾರಿಲ್ಲ. ಗ್ರೀಸ್ ಹೊಡೆಸಲಿಲ್ಲ ಅಂದ್ರೆ ಮುಂದಿನ ಚಕ್ರ ಕೀರಲು ಶುರು. ಈಗ ಎಲ್ಲ ಬಂಕ್‌ನಲ್ಲೂ ಇ20 ಪೆಟ್ರೋಲ್. ಶೇಕಡಾ 20 ಎಥೆನಾಲ್ ಅದು. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪದರ) ಒಂದೇ ವರ್ಷದಲ್ಲಿ ಎರಡು ಸಲ ಹೋಯಿತು. ಎರಡನೇ ಸಲ ಮದುವೆ ಮನೆಗೆ ಹೊರಟಿದ್ದೆವು, ಹೆಂಡತಿ ರೇಷ್ಮೆ ಸೀರೆಯಲ್ಲಿ ಆಟೋ ಹತ್ತಿ ಹೋದಳು. ಅವತ್ತೇ ತೀರ್ಮಾನ ಮಾಡಿದೆ.

ಸ್ಟೇರಿಂಗ್‌ಗೇರ್84:
ಎಥೆನಾಲ್ ತಡೆಯುವ ಪೈಪ್, ಡಯಾಫ್ರಾಮ್ ಸಿಗುತ್ತವೆ ಸ್ವಾಮಿ. ಹಾಕಿಸಲಿಲ್ಲ, ಗಾಡಿಯನ್ನು ಬೈದಿರಿ. ಅಂಬಾಸಿಡರ್ ಇಟ್ಟವರೆಲ್ಲ ಹೀಗೇ, ಗಾಡಿ ತಾನಾಗೇ ಓಡಬೇಕು ಅಂತಾರೆ.

ಮಾರಿಬಿಟ್ಟೆ:
ತಾನಾಗೇ ಓಡಿದೆ ರೀ ಅದು! ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಕಾರದಲ್ಲೇ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಮಂತ್ರಿಗಳು ಕೂತಿದ್ದು ಅದರಲ್ಲಿ. ನಿಮ್ಮ ಫಿಯೆಟ್ ಪದ್ಮಿನಿಯ ಹಿಂದಿನ ಸೀಟಲ್ಲಿ ಮೂರು ಜನ ಕೂತರೆ ಒಬ್ಬರು ಉಸಿರು ಹಿಡಿಯಬೇಕು.

ನೆಲದ_ಗೇರ್:
ಇಬ್ಬರೂ ಸುಮ್ಮನಿರಿ. ಪದ್ಮಿನಿಗೆ ನಾನು ಮಾಡಿದ್ದು ಕೇಳಿ. ಸ್ಟೇರಿಂಗ್ ಪಕ್ಕದ ಗೇರ್ ಲಿವರ್ (ಸ್ಟೇರಿಂಗ್ ಗೇರ್) ಕಿತ್ತು ನೆಲದ ಗೇರ್ ಹಾಕಿಸಿದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು ಆಲ್ಟರ್ನೇಟರ್. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್. 83,000 ಆಯಿತು. ಚಳಿಗಾಲದಲ್ಲೂ ಮೊದಲ ಸೆಲ್ಫ್‌ಗೇ ಸ್ಟಾರ್ಟ್.

ಸ್ಟೇರಿಂಗ್‌ಗೇರ್84:
ಸ್ಟೇರಿಂಗ್ ಗೇರ್ ಕಿತ್ತ ಮೇಲೆ ಅದನ್ನು ಪದ್ಮಿನಿ ಅಂತ ಕರೆಯಬೇಡಿ. ಬೇಕಿದ್ದರೆ ಆಲ್ಟೋ ಅನ್ನಿ.

ನೆಲದ_ಗೇರ್:
ನಿಮ್ಮ ಹಾಗೆ ಡೈರಿ ಬರೆಯುತ್ತಾ ಕೂರಲ್ಲ, ಗಾಡಿ ಓಡಿಸುತ್ತೇನೆ.

ಕಾಗದಪತ್ರ:
ಕೇಳಿದವರಿಗೆ ಆರ್‌ಸಿ ಮುಖ್ಯ, ಅದನ್ನು ಯಾರೂ ಹೇಳಲಿಲ್ಲ. ಸುಲಭ ದಾರಿ ಇದೆ. ವಿಂಟೇಜ್ (ಬಹಳ ಹಳೇ ಗಾಡಿ) ಅಂತ ನೋಂದಾಯಿಸಿ. 2021ರಲ್ಲಿ ಕೇಂದ್ರ ನಿಯಮ ಬಂದಿದೆ. ನಂಬರಿನಲ್ಲಿ ‘ವಿಎ’ ಬರುತ್ತದೆ, ನೋಡಲು ಗತ್ತಾಗಿರುತ್ತದೆ.

ನವೀಕರಣ_ಸಂತ್ರಸ್ತ:
ನಿಯಮ ಪೂರ್ತಿ ಓದಿ ಸರ್. 50 ವರ್ಷ ಮೀರಿರಬೇಕು. 1981ರ ಗಾಡಿಗೆ 2031ರವರೆಗೆ ಕಾಯಬೇಕು. ಶುಲ್ಕ 20,000. ದಿನಾ ಓಡಿಸುವ ಹಾಗಿಲ್ಲ. ಮೂಲ ರೂಪದಲ್ಲೇ ಇರಬೇಕು, ಅಂದ್ರೆ ಮೇಲಿನ ನೆಲದ ಗೇರ್‌ನವರಿಗೆ ಕಷ್ಟ.

ನಾನು ಮಾಮೂಲಿ ನವೀಕರಣ ಮಾಡಿಸಿದವನು. ಕಾರಿಗೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ತಡವಾಗಿದ್ದಕ್ಕೆ, ಹಸಿರು ತೆರಿಗೆಗೆ ಬೇರೆ. ನಾನು ನಾಲ್ಕು ಸಲ ತಪಾಸಣೆಗೆ ಹೋದೆ. ಒಂದು ಸಲ ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ಒಂದು ಸಲ ಇಂಜಿನ್ ನಂಬರಿನ ಮೇಲೆ ಗ್ರೀಸ್ ಮೆತ್ತಿ ಕಾಣಲಿಲ್ಲ. ಮೂರನೇ ಸಲ ಸರ್ವರ್ ಡೌನ್. ನಾಲ್ಕನೇ ಸಲ ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ ಜೊತೆಗೇ ಹೋಗಿದ್ದೆ.

ಕಾಗದಪತ್ರ:
50 ಅಂತ ನನಗೂ ಗೊತ್ತು. ಮುಂದೆ ಮಾಡಿಸಬಹುದು ಅಂತ ಹೇಳಿದ್ದು.

ನವೀಕರಣ_ಸಂತ್ರಸ್ತ:
ಮೇಲೆ ಹಾಗೆ ಬರೆದಿಲ್ಲ.

ರೋಡ್‌ಕಿಂಗ್_ಮೈಸೂರು:
ಕಾರಿನವರದ್ದು ಬರೀ ಜಗಳ. ಒಂದು ಯೆಜ್ಡಿ ಬೈಕ್ ತಗೊಳ್ಳಿ, ಎಲ್ಲ ಸರಿಹೋಗುತ್ತದೆ. ನಮ್ಮ ಮೈಸೂರಿನದೇ ಗಾಡಿ. 1961ರಲ್ಲಿ ಜಾವಾ ಅಂತ ಶುರುವಾಗಿ, ಆಮೇಲೆ ಯೆಜ್ಡಿ ಆಗಿ, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್. ಹೊಸ ಹುಡುಗರಿಗೆ ಗಾಡಿ ಕೊಟ್ಟು ಗೇರ್ ಎಲ್ಲಿದೆ ಹುಡುಕು ಅಂತೀನಿ, ಪಾಪ, ಐದು ನಿಮಿಷ ಬಗ್ಗಿ ನೋಡುತ್ತಾರೆ. ರಿಪೇರಿಗೆ 46,000 ಆಯಿತು. ಅದರಲ್ಲಿ 11,000 ಎರಡು ಸೈಲೆನ್ಸರಿಗೆ. ಮೊದಲು ತಂದ ಜೋಡಿ ಡೂಪ್ಲಿಕೇಟ್, ಶಬ್ದ ಡಬ್ಬಾ ಬಡಿದ ಹಾಗೆ. ಎಸೆದೆ. ಶಬ್ದ ಇಲ್ಲದ ಯೆಜ್ಡಿ ಯಾಕೆ ಬೇಕು?

ಮಾರಿಬಿಟ್ಟೆ:
ಹಿಂದೆ ಬರುವವರಿಗೆ ಹೊಗೆ. ಟೂ ಸ್ಟ್ರೋಕ್ ಆಯಿಲ್ ವಾಸನೆ ಬಟ್ಟೆಯಿಂದ ಹೋಗಲ್ಲ.

ರೋಡ್‌ಕಿಂಗ್_ಮೈಸೂರು:
ಆ ವಾಸನೆಗೇ ಅಲ್ವಾ ಸರ್ ಗಾಡಿ ಇಟ್ಟುಕೊಂಡಿರೋದು!

ಶೆಡ್_ಪದ್ಮಿನಿ:
ಎಲ್ಲರಿಗೂ ಥ್ಯಾಂಕ್ಸ್. ಅಯಸ್ಕಾಂತ ಇಟ್ಟು ನೋಡಿದೆ. ಬಾಗಿಲ ಕೆಳಗೆ ಎರಡೂ ಕಡೆ ಬಿತ್ತು. ಬೇರೆ ಕಡೆ ಹಿಡಿದುಕೊಂಡಿದೆ. ಏನು ಮಾಡಲಿ?

ಸ್ಟೇರಿಂಗ್‌ಗೇರ್84:
ಎರಡೇ ಕಡೆನಾ? ಪುಣ್ಯವಂತರು. ನನ್ನದು ಏಳು ಕಡೆ ಬಿದ್ದಿತ್ತು.

ಮಾರಿಬಿಟ್ಟೆ:
ಈಗಲೇ ಕೊಟ್ಟುಬಿಡಿ. ಆಮೇಲೆ ನಮ್ಮ ಹಾಗೆ ಲೆಕ್ಕ ಬರೆಯುತ್ತಾ ಕೂರಬೇಡಿ. ನಮ್ಮ ಮನೆಯಲ್ಲಿ ಈಗ ಅಂಬಾಸಿಡರ್‌ನ ಸ್ಟಾರ್ಟಿಂಗ್ ಹ್ಯಾಂಡಲ್ ಒಂದೇ ಉಳಿದಿರೋದು. ಗಾಡಿ ಜೊತೆ ಕೊಡೋದು ಮರೆತುಹೋಯ್ತು.

ರೋಡ್‌ಕಿಂಗ್_ಮೈಸೂರು:
ಮರೆತಿರೋ, ಇಟ್ಟುಕೊಂಡಿರೋ?

ಮಾರಿಬಿಟ್ಟೆ:
ನಿಮಗ್ಯಾಕ್ರೀ ಅದು?