‘ಮಾದರಿ’: ಜನಾರೋಗ್ಯದ ಬರಹಗಳಲ್ಲಿ ಒಂದೇ ಪದಕ್ಕೆ ಹಲವು ಅರ್ಥ

ಎಲ್ಲರಿಗೂ ನಮಸ್ಕಾರ.

ಬೃಹತ್ ದತ್ತಾಂಶದಿಂದ ಜನಾರೋಗ್ಯದ ಅಧ್ಯಯನ ಹೇಗೆ ಬದಲಾಗುತ್ತಿದೆ ಎಂಬ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೇ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿದೆ: ‘ಐದು ಲಕ್ಷ ಜನರ ಮಾದರಿಯಿಂದ ರಕ್ತದ ಮಾದರಿಗಳನ್ನು ಪಡೆದು, ಹೃದ್ರೋಗದ ಅಪಾಯವನ್ನು ಅಂದಾಜಿಸುವ ಮಾದರಿಯೊಂದನ್ನು ರೂಪಿಸಲಾಯಿತು.’ ರಕ್ತದ ಮಾದರಿ ಕೊರೋನಾ ಕಾಲದಿಂದ ಮನೆಮಾತಾಗಿದೆ, ಅದನ್ನು ಮುಟ್ಟಬೇಕಿಲ್ಲ. ಕೊನೆಯದನ್ನು ‘ಗಣಿತ ಮಾದರಿ’ ಎಂದರೆ ಸಾಕು. ತೊಡಕಿರುವುದು ಮೊದಲನೆಯದರಲ್ಲಿ, ಎಂದರೆ ಇಡೀ ಜನಸಮುದಾಯವನ್ನು ಅರಿಯಲು ಅದರಿಂದ ತೆಗೆದುಕೊಳ್ಳುವ ಕೆಲವರ ಗುಂಪು ಎಂಬ ಅರ್ಥದಲ್ಲಿ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡುತ್ತೇವೆ. ಉರಿ ಎಲ್ಲ ಕಡೆಗೂ ಒಂದೇ ಸಮ ತಾಗಿದ್ದರೆ ಆ ಅಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ಹೇಳಬಲ್ಲುದು. ತಳ ಹತ್ತಿದ್ದರೆ ಮೇಲಿನಿಂದ ಸೌಟು ತುಂಬ ತೆಗೆದರೂ ತಳದ ಸಂಗತಿ ತಿಳಿಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 6,36,699 ಮನೆಗಳು ಎಲ್ಲ ಬಗೆಯ ಮನೆಗಳಿಗೂ ಸ್ಥಾನ ಸಿಗುವಂತೆ ನಿಯಮಪ್ರಕಾರ ಆರಿಸಿದಂಥವು. ಸಂಶೋಧನೆಗಾಗಿ ಜನರ ಆರೋಗ್ಯದ ಮಾಹಿತಿಯನ್ನೂ ರಕ್ತದ ಮಾದರಿಗಳನ್ನೂ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಹಾಗಲ್ಲ. 2006ರಿಂದ 2010ರವರೆಗೆ ಅದು 40ರಿಂದ 69 ವರ್ಷ ವಯಸ್ಸಿನ ಸುಮಾರು 90 ಲಕ್ಷ ಜನರನ್ನು ಆಹ್ವಾನಿಸಿದಾಗ ಸೇರಿದವರು ನೂರಕ್ಕೆ ಐದೂವರೆಯಷ್ಟು ಮಾತ್ರ. ಹಾಗೆ ತಾವಾಗಿ ಬಂದ ಐದು ಲಕ್ಷ ಜನರಲ್ಲಿ ಧೂಮಪಾನಿಗಳ ಮತ್ತು ಬಡ ಪ್ರದೇಶಗಳವರ ಪಾಲು ಆ ದೇಶದ ಅದೇ ವಯಸ್ಸಿನ ಜನರಲ್ಲಿ ಇರುವುದಕ್ಕಿಂತ ಕಡಿಮೆ. ವಂಶವಾಹಿಗೂ ರೋಗಕ್ಕೂ ಇರುವ ನಂಟನ್ನು ಹುಡುಕಲು ಈ ದತ್ತಾಂಶ ಅಮೂಲ್ಯವಾದುದು, ಆದರೆ ದೇಶದಲ್ಲಿ ಎಷ್ಟು ಜನ ಧೂಮಪಾನಿಗಳು ಎಂಬ ಪ್ರಶ್ನೆಗೆ ಅದರಿಂದ ನೇರ ಉತ್ತರ ಸಿಗದು. ಆಸ್ಪತ್ರೆಯ ಗಣಕಗಳಲ್ಲೂ ಮೊಬೈಲುಗಳಲ್ಲೂ ತಾನಾಗಿ ಶೇಖರವಾಗುವ ಮಾಹಿತಿಯೂ ಈ ಎರಡನೆಯ ಬಗೆಯದೇ.

ಎರಡನ್ನೂ ‘ಮಾದರಿ’ ಎಂದಾಗ ಓದುಗರು ದೊಡ್ಡದನ್ನೇ ಹೆಚ್ಚು ನಂಬುತ್ತಾರೆ. ‘ಮಾದರಿ ಶಾಲೆ’, ‘ಮಾದರಿ ಗ್ರಾಮ’ ಎಂಬ ಬಳಕೆಯ ಮೆಚ್ಚುಗೆಯ ಛಾಯೆಯೂ ಅದಕ್ಕೆ ಸೇರಿಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ. ‘ನಮೂನೆ’ ಎನ್ನೋಣವೆಂದರೆ, ಕಚೇರಿಗಳಲ್ಲಿ ಅದು ಭರ್ತಿ ಮಾಡುವ ಅರ್ಜಿಯ ಹೆಸರು. ‘ಸಮೀಕ್ಷೆಯ ನಮೂನೆ’ ಎಂದರೆ ಪ್ರಶ್ನೆಗಳಿರುವ ಹಾಳೆ ಎಂದೇ ಅರ್ಥವಾಗುತ್ತದೆ.

ಸದ್ಯಕ್ಕೆ ನಿಯಮದಂತೆ ಆರಿಸಿದ್ದಕ್ಕೆ ‘ಆಯ್ದ ಮಾದರಿ’, ತಾನಾಗಿ ದೊರೆತದ್ದಕ್ಕೆ ‘ಒದಗಿಬಂದ ಗುಂಪು’ ಎಂದು ಬರೆದಿಟ್ಟಿದ್ದೇನೆ. ಎರಡನೆಯದು ಪಾರಿಭಾಷಿಕ ಪದದಂತೆ ಬಿಗಿಯಾಗಿಲ್ಲ. ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದವರು, ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದವರು ಈ ಭೇದವನ್ನು ಯಾವ ಮಾತಿನಿಂದ ಗುರುತಿಸುತ್ತಿದ್ದರೆಂದು ದಯವಿಟ್ಟು ತಿಳಿಸುವಿರಾ?