48ಕೆ ಸ್ಪೆಕ್ಟ್ರಮ್: ಟಿಆರ್4 ಎರಡನೇ ಸಲವೂ ಹೋಯ್ತು, ದಾರಿ ಹೇಳಿ

ಅಟ್ಟದಮನೆ, ತೀರ್ಥಹಳ್ಳಿ:
ನಮಸ್ಕಾರ. ನಮ್ಮ ಚಿಕ್ಕಪ್ಪ ಲಂಡನ್ನಿಂದ ಬರುವಾಗ ತಂದಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಹಳೇ ಮನೆ ಕಂಪ್ಯೂಟರ್ ಹೋದ ತಿಂಗಳು ಅಟ್ಟದಲ್ಲಿ ಸಿಕ್ಕಿತು. 48ಕೆ ಮೆಮೊರಿಯದು, ರಬ್ಬರ್ ಕೀಗಳದ್ದು. ಅಟ್ಟದ ಕೆಳಗೇ ಬಚ್ಚಲ ಹಂಡೆ ಇರುವುದರಿಂದ ಡಬ್ಬದ ಮೇಲೆಲ್ಲ ಇಲ್ಲಣ. ಒಳಗೆ ಮಾತ್ರ ಪರವಾಗಿಲ್ಲ, ಅಲ್ಲಲ್ಲಿ ಬೂಷ್ಟು, ಸ್ವಲ್ಪ ತುಕ್ಕು.

ಅಡಾಪ್ಟರ್ 9 ವೋಲ್ಟಿನದೇ ಹಾಕಿದ್ದೇನೆ. ಒಳಗಿನ ತುದಿ ಮೈನಸ್, ಹೊರಗಿನದು ಪ್ಲಸ್ ಅನ್ನುವುದು ಗೊತ್ತು, ನೋಡಿಯೇ ಹಾಕಿದ್ದು. ಮಾಡ್ಯುಲೇಟರ್‌ನ (ಚಿತ್ರವನ್ನು ಆಂಟೆನಾ ಸಿಗ್ನಲ್ ಮಾಡುವ ಡಬ್ಬಿ) ಎರಡು ತಂತಿ ಬಿಚ್ಚಿ ಕಾಂಪೊಸಿಟ್, ಅಂದರೆ ನೇರ ವಿಡಿಯೊ ಸಿಗ್ನಲ್, ತೆಗೆದು ಟಿವಿಗೆ ಕೊಟ್ಟಿದ್ದೇನೆ. ಆನ್ ಮಾಡಿದರೆ ಪರದೆ ತುಂಬ ಕಪ್ಪು ಬಿಳಿ ಉದ್ದುದ್ದ ಪಟ್ಟೆ. 1982 ಸಿಂಕ್ಲೇರ್ ರಿಸರ್ಚ್ ಅನ್ನುವ ಸಾಲು ಬರುವುದೇ ಇಲ್ಲ.

ಬೋರ್ಡಿನ ಟಿಆರ್4 ಅನ್ನುವ ಟ್ರಾನ್ಸಿಸ್ಟರ್ ಹೋಗಿರುತ್ತದೆ ಅಂತ ಎಲ್ಲ ಕಡೆ ಓದಿದೆ. ನಿಜಕ್ಕೂ ಹೋಗಿತ್ತು. ಝಡ್‌ಟಿಎಕ್ಸ್651 ಟ್ರಾನ್ಸಿಸ್ಟರ್ ತರಿಸಿ ಅದರ ಜಾಗಕ್ಕೆ ಹಾಕಿದೆ. ಎರಡು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿಯಾಗಿ ಅದೂ ಸತ್ತಿತು. ಈಗ ಇನ್ನೊಂದೇ ಉಳಿದಿದೆ. ಹಾಕಲು ಧೈರ್ಯ ಬರುತ್ತಿಲ್ಲ.

ಎಂಟುಬಿಟ್, ಭದ್ರಾವತಿ:
ಹಾಕಬೇಡಿ! ಮೊದಲು ರೀಡಿಂಗ್ ಕೊಡಿ. ಎಡಗಡೆ ಸಾಲಾಗಿ ಎಂಟು 4116 ಮೆಮೊರಿ ಚಿಪ್ ಇವೆ, ಐಸಿ6ರಿಂದ ಐಸಿ13ರವರೆಗೆ. ಅದರಲ್ಲಿ ಯಾವುದಾದರೂ ಒಂದರ 1, 8, 9ನೇ ಪಿನ್‌ಗಳಲ್ಲಿ ಎಷ್ಟು ವೋಲ್ಟ್ ಬರುತ್ತಿದೆ? ಗ್ರೌಂಡ್ 16ನೇ ಪಿನ್.

ಅಟ್ಟದಮನೆ:
9ರಲ್ಲಿ 5.02. 8ರಲ್ಲಿ ಎರಡು ವೋಲ್ಟೂ ಇಲ್ಲ. 1ರಲ್ಲಿ ಸೊನ್ನೆ.

ಎಂಟುಬಿಟ್:
ಸರಿ, 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಚೆನ್ನಾಗಿದೆ. ಉಳಿದದ್ದು ಕೆಟ್ಟಿದೆ. 8ರಲ್ಲಿ 12 ಇರಬೇಕು, 1ರಲ್ಲಿ ಮೈನಸ್ 5. ಟಿಆರ್4, ಟಿಆರ್5, ಪಕ್ಕದ ಸಣ್ಣ ಕಾಯಿಲ್ ಸೇರಿಕೊಂಡು ಇವೆರಡನ್ನೂ 9 ವೋಲ್ಟಿನಿಂದ ಹುಟ್ಟಿಸುತ್ತವೆ. ಪರದೆಯ ಚಿತ್ರ ಕೂಡ ಈ ಎಂಟು ಚಿಪ್‌ಗಳ 16ಕೆಯಲ್ಲೇ ಇರುವುದು, ಅದಕ್ಕೇ ನಿಮಗೆ ಪಟ್ಟೆ ಕಾಣುತ್ತಿದೆ. ಮೇಲಿನ 32ಕೆ ಚಿಪ್‌ಗಳಿಗೆ ಬರೀ 5 ವೋಲ್ಟ್ ಸಾಕು, ಅವುಗಳ ಚಿಂತೆ ಈಗ ಬೇಡ.

ಕಾಯಿಲ್ ಸುಟ್ಟಿರಬಹುದಾ ನೋಡಿ.

ಸಾಗರದ ಟಿವಿ ಮೆಕ್ಯಾನಿಕ್:
ಕಾಯಿಲ್ ಅಲ್ಲ ಮಾರಾಯ್ರೆ. ಹೊಸ ಟ್ರಾನ್ಸಿಸ್ಟರ್ ಎರಡೇ ನಿಮಿಷಕ್ಕೆ ಬೆಂದಿದೆ ಅಂದರೆ ಮುಂದೆ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ. ತೋಟದ ಪಂಪ್‌ಸೆಟ್ಟಿನ ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತುತ್ತಾರಲ್ಲ, ನೀವು ಮಾಡಿದ್ದೂ ಅದೇ. ಟಿಆರ್4 ಕಳ್ಳ ಅಲ್ಲ, ಪೆಟ್ಟು ತಿಂದವನು.

ಸುಟ್ಟ ಟಿಆರ್4 ತೆಗೆದುಬಿಡಿ. ಅಡಾಪ್ಟರ್ ಕಿತ್ತಿಡಿ. ಮಲ್ಟಿಮೀಟರ್ ಓಮ್ಸ್‌ನಲ್ಲಿಟ್ಟು 8ಕ್ಕೂ 16ಕ್ಕೂ ನಡುವೆ ಅಳೆಯಿರಿ. ನೂರಾರು ಓಮ್ ಇದ್ದರೆ ನಾನು ಹೇಳಿದ್ದು ತಪ್ಪು.

ಅಟ್ಟದಮನೆ:
3 ಓಮ್! ಪ್ರೋಬ್ ತಿರುಗಿಸಿ ಹಿಡಿದರೂ 3.

ಸಾಗರದ ಟಿವಿ ಮೆಕ್ಯಾನಿಕ್:
ಎಂಟರಲ್ಲಿ ಒಂದು ಚಿಪ್ ಒಳಗೇ ಶಾರ್ಟ್ ಆಗಿದೆ. ಈ 4116ಗಳ ಕತೆಯೇ ಹಾಗೆ. ಮೈನಸ್ 5 ಇಲ್ಲದಿರುವಾಗ 12 ಸಿಕ್ಕಿದರೆ ಸಾಯುತ್ತವೆ. ಪ್ಲಗ್ಗನ್ನು ಅಲ್ಲಾಡಿಸುತ್ತ ಚುಚ್ಚಿದರೂ ಸಾಕು. ಈ ಯಂತ್ರಕ್ಕೆ ಸ್ವಿಚ್ಚೇ ಇಲ್ಲವಲ್ಲ, ಗೋಡೆಯ ಸ್ವಿಚ್ಚನ್ನೇ ಬಳಸಬೇಕು.

ಆದರೆ ಎಂಟೂ ಚಿಪ್ ಒಂದೇ ಲೈನಿನಲ್ಲಿವೆ. ಯಾವುದು ಅಂತ ಮೀಟರ್ ಹೇಳುವುದಿಲ್ಲ. ಬೆಂಚ್ ಸಪ್ಲೈ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಟಾರ್ಚಿನ ದಪ್ಪ ಸೆಲ್ ಒಂದೇ ಒಂದು ತಗೊಳ್ಳಿ, ಒಂದೂವರೆ ವೋಲ್ಟಿನದು. ಪ್ಲಸ್ಸನ್ನು ಯಾವುದಾದರೂ ಚಿಪ್‌ನ 8ಕ್ಕೆ, ಮೈನಸ್ಸನ್ನು 16ಕ್ಕೆ ಹಿಡಿಯಿರಿ. 3 ಓಮಿಗೆ ಸುಮಾರು ಅರ್ಧ ಆಂಪಿಯರ್ ಹರಿಯುತ್ತದೆ. ಚೆನ್ನಾಗಿರುವ ಚಿಪ್‌ಗಳಿಗೆ ಇಷ್ಟರಿಂದ ಏನೂ ಆಗುವುದಿಲ್ಲ. ಕೆಟ್ಟದ್ದು ಮಾತ್ರ ನಿಧಾನಕ್ಕೆ ಬೆಚ್ಚಗಾಗುತ್ತದೆ.

ಎಂಟೂ ಚಿಪ್‌ಗಳ ಬೆನ್ನಿಗೆ ಹತ್ತಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸವರಿ. ಯಾವುದರ ಮೇಲೆ ಮೊದಲು ಆರುತ್ತದೋ ಅದೇ.

ಅಟ್ಟದಮನೆ:
ಇಲ್ಲಿ ಹೊರಗೆ ಹಾಕಿದ ಬಟ್ಟೆಯೇ ನಾಲ್ಕು ದಿನದಿಂದ ಆರಿಲ್ಲ ಸಾರ್ 😄 ನೋಡ್ತೀನಿ.

ಅಟ್ಟದಮನೆ:
ಸಿಕ್ಕಿತು! ಐಸಿ9. ಮೊದಲ ಸಲ ಸವರಿದಾಗ ಗೊತ್ತಾಗಲಿಲ್ಲ, ಎಲ್ಲ ಒಟ್ಟಿಗೆ ಆರಿದ ಹಾಗೆ ಕಂಡಿತು. ಎರಡನೇ ಸಲ ಸೆಲ್ಲನ್ನು ಒಂದು ನಿಮಿಷ ಹಿಡಿದು, ಆಮೇಲೆ ಸವರಿದೆ. ಐಸಿ9ರ ಮಧ್ಯದಲ್ಲಿ ಕಾಸಿನಗಲ ಜಾಗ ಕಣ್ಣೆದುರೇ ಒಣಗಿತು. ಅಕ್ಕಪಕ್ಕದವು ಇನ್ನೂ ಹೊಳೆಯುತ್ತಿದ್ದವು. ತುಟಿಗೆ ತಾಗಿಸಿ ನೋಡಿದೆ, ಬೆಚ್ಚಗಿತ್ತು. ತಪ್ಪಾಯ್ತೋ ಏನೋ.

ಸಾಗರದ ಟಿವಿ ಮೆಕ್ಯಾನಿಕ್:
ಒಂದೂವರೆ ವೋಲ್ಟಿಗೆ ಅಡ್ಡಿಯಿಲ್ಲ. ಅಡಾಪ್ಟರ್ ಹಾಕಿಕೊಂಡು ಮಾಡಬೇಡಿ ಅಷ್ಟೆ.

ಈಗ ಚಿಪ್ಪನ್ನು ಇಡಿಯಾಗಿ ಕೀಳಲು ಹೋಗಬೇಡಿ. ಹೇಗೂ ಸತ್ತಿದೆ. ಕಟರ್‌ನಿಂದ ಹದಿನಾರು ಕಾಲನ್ನೂ ದೇಹದ ಹತ್ತಿರವೇ ಕತ್ತರಿಸಿ, ಆಮೇಲೆ ಒಂದೊಂದೇ ಕಾಲು ಕಾಯಿಸಿ ಚಿಮಟದಲ್ಲಿ ಎಳೆಯಿರಿ. ಹಳೇ ಬೋರ್ಡಿನ ತಾಮ್ರದ ಗೆರೆ ತುಂಬ ನಾಜೂಕು. ಕಾಯಿಸುತ್ತ ಕೂತರೆ ಅಂಟು ಬಿಟ್ಟು ಮೇಲೇಳುತ್ತದೆ. ತೂತುಗಳನ್ನು ಚೊಕ್ಕ ಮಾಡಿ ಸಾಕೆಟ್ ಹಾಕಿ. ತೆಗೆದ ಮೇಲೆ ಮತ್ತೆ 8, 16 ಅಳೆಯುವುದನ್ನು ಮರೆಯಬೇಡಿ. ಕೆಲವು ಸಲ ಎರಡು ಚಿಪ್ ಹೋಗಿರುತ್ತವೆ.

ಎಂಟುಬಿಟ್:
ಕಾಯಿಲ್ ಅಂತ ಸುಮ್ನೆ ದಾರಿ ತಪ್ಪಿಸಿದೆ, ಕ್ಷಮಿಸಿ. ಅದರ ಬದಲಿಗೆ ಇದು: ಸತ್ತ ಬೋರ್ಡಿನಿಂದ ತೆಗೆದ ಒಳ್ಳೆಯ 4116 ಎರಡು ನನ್ನ ಹತ್ತಿರ ಇವೆ. ನಾಳೆ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡ್ತೀನಿ.

4164 ಅನ್ನುವ ಇನ್ನೊಂದು ಮೆಮೊರಿ ಚಿಪ್ ಸುಲಭವಾಗಿ ಸಿಗುತ್ತದೆ ಅಂತ ನೇರ ಚುಚ್ಚಬೇಡಿ. ಅದರ 8ನೇ ಪಿನ್ನಿಗೆ 5 ವೋಲ್ಟ್ ಬೇಕು, ಈ ಜಾಗದಲ್ಲಿ 12 ಬರುತ್ತದೆ. ಬೋರ್ಡಿನಲ್ಲಿ ತಂತಿ ಬದಲಿಸಿಕೊಂಡು ಹಾಕುವವರಿದ್ದಾರೆ, ನನಗದು ಇಷ್ಟವಿಲ್ಲ.

ಅಟ್ಟದಮನೆ:
ಚಿಪ್ ಬಂತು, ತುಂಬಾ ಉಪಕಾರ. ಕಂಡಕ್ಟರ್ "ಇದೆಂತ, ಸತ್ತ ಜರಿಹುಳನಾ?" ಅಂತ ಕೇಳಿದರು.

ಐಸಿ9 ತೆಗೆದ ಮೇಲೆ ಶಾರ್ಟ್ ಹೋಯ್ತು. ಸಾಕೆಟ್, ಹೊಸ ಚಿಪ್, ಕೊನೆಯ ಟಿಆರ್4 ಎಲ್ಲ ಹಾಕಿದೆ. ಗೋಡೆಯ ಸ್ವಿಚ್ ಹಾಕಿ ಮೊದಲು ಪರದೆ ನೋಡಲಿಲ್ಲ, ಟಿಆರ್4 ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ಸ್ವಲ್ಪ ಬೆಚ್ಚಗೆ ಅಷ್ಟೆ. 8ರಲ್ಲಿ 11.9, 1ರಲ್ಲಿ ಮೈನಸ್ 5.1. ತಲೆಯೆತ್ತಿ ನೋಡಿದರೆ ಬಿಳಿ ಪರದೆ, ಕೆಳಗೆ 1982!

ಆದರೆ ಎಚ್, ಜೆ, ಕೆ, ಎಲ್, ಎಂಟರ್ ಐದೂ ಕೆಲಸ ಮಾಡುತ್ತಿಲ್ಲ. ಉಳಿದವೆಲ್ಲ ಸರಿ. ಎಂಟರ್ ಇಲ್ಲದೆ ಏನು ತಾನೇ ಮಾಡಲಿ?

ಎಂಟುಬಿಟ್:
ಅವು ಐದೂ ಒಂದೇ ಗೆರೆಯವು. ರಬ್ಬರ್ ಕೀಗಳ ಕೆಳಗಿನ ಕೀಬೋರ್ಡ್ ಹಾಳೆಯಿಂದ ಎರಡು ಬಾಲ ಬರುತ್ತವೆ ಅಲ್ವಾ, ಎಂಟು ಗೆರೆಯದೊಂದು, ಐದು ಗೆರೆಯದೊಂದು. ಎಂಟು ಗೆರೆಯದರಲ್ಲಿ ಒಂದು ತುಂಡಾದರೆ ಹೀಗೆ ಅಕ್ಕಪಕ್ಕದ ಐದು ಕೀ ಹೋಗುತ್ತವೆ. ಐದು ಗೆರೆಯದು ತುಂಡಾಗಿದ್ದರೆ ಪ್ರತಿ ಸಾಲಿನಿಂದಲೂ ಎರಡೆರಡು ಕೀ ಹೋಗುತ್ತಿದ್ದವು.

ಬಾಲದ ತುದಿ ಬಿರುಕು ಬಿಟ್ಟಿರುತ್ತದೆ. ಬಿರುಕು ತುದಿಯಲ್ಲೇ ಇದ್ದರೆ ಕತ್ತರಿಯಲ್ಲಿ ನಾಲ್ಕೈದು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಸಾಕೆಟ್ಟಿಗೆ ತಳ್ಳಿ. ಇದು ತಾತ್ಕಾಲಿಕ. ಹೊಸ ಹಾಳೆ ಈಗಲೂ ತಯಾರಾಗುತ್ತದೆ, ಒಂದು ತರಿಸಿಟ್ಟುಕೊಳ್ಳಿ.

ಎಂಟರ್ ಬಂದ ಮೇಲೆ ಮೆಮೊರಿ ನೋಡಲು ಪ್ರಿಂಟ್ ಪೀಕ್ 23732 + 256 * ಪೀಕ್ 23733 ಕೊಡಿ. 65535 ಬಂದರೆ 48ಕೆ ಪೂರ್ತಿ ಇದೆ. 32767 ಬಂದರೆ ಮೇಲಿನ 32ಕೆ ಕೈಕೊಟ್ಟಿದೆ.

ಅಟ್ಟದಮನೆ:
ಕತ್ತರಿ ಪ್ರಯೋಗ ಆಯಿತು. 65535!

ಈಗ ಕೊನೆಯ ಪ್ರಶ್ನೆ. ಕ್ಯಾಸೆಟ್ ಪ್ಲೇಯರ್ ಬದಲು ಮೊಬೈಲಿನಿಂದ ಇಯರ್ ಸಾಕೆಟ್ಟಿಗೆ (ಕ್ಯಾಸೆಟ್ಟಿನ ಸದ್ದು ಒಳಗೆ ಹೋಗುವ ಜಾಗ) ತಂತಿ ಕೊಟ್ಟು ಗೇಮಿನ ಆಡಿಯೊ ಫೈಲ್ ಹಾಕಿದೆ. ವಾಲ್ಯೂಮ್ ಪೂರ್ತಿ. ಅಂಚಿನಲ್ಲಿ ಪಟ್ಟೆಯೇ ಓಡುತ್ತಿಲ್ಲ.

ಸಾಗರದ ಟಿವಿ ಮೆಕ್ಯಾನಿಕ್:
ಮೊದಲು ಕೆಂಪು, ತಿಳಿನೀಲಿ ದಪ್ಪ ಪಟ್ಟೆ ಬರಬೇಕು, ಆಮೇಲೆ ನೀಲಿ, ಹಳದಿ ಸಣ್ಣ ಪಟ್ಟೆ. ಏನೂ ಇಲ್ಲ ಅಂದರೆ ಸದ್ದು ಒಳಗೇ ಹೋಗುತ್ತಿಲ್ಲ. ಪಿನ್ ಪೂರ್ತಿ ಕೂರುತ್ತಿದೆಯಾ? ಸಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ.

ಅಟ್ಟದಮನೆ:
ಮಣ್ಣು ಸಾರ್! ಇಯರ್ ಸಾಕೆಟ್ಟಿನಲ್ಲಿ ಕಣಜ ಗೂಡು ಕಟ್ಟಿದೆ. ಬಾಯಿಗೆ ಕೆಂಪು ಮಣ್ಣು ಮೆತ್ತಿ ನುಣ್ಣಗೆ ಮುಚ್ಚಿತ್ತು, ಪಿನ್ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಸಾಕೆಟ್ಟೇ ಬಿಗಿ ಅಂದುಕೊಂಡಿದ್ದೆ. ಬಿದಿರುಕಡ್ಡಿಯಿಂದ ಕೆದಕಿದರೆ ಒಳಗೆ ಒಣಗಿದ ಜೇಡ ಮೂರು. ಐಪಿಎ ಹಾಕಿ ತೊಳೆದೆ.

ಈಗ ಪಟ್ಟೆ ಓಡುತ್ತಿದೆ. ಇನ್ನೂ ನಾಲ್ಕು ನಿಮಿಷ ಇದೆ. ಯಾರೂ ಮೊಬೈಲಿಗೆ ಫೋನ್ ಮಾಡಬೇಡಿ.