ವಿನ್ಯಾಸ ವಿದ್ಯಾರ್ಥಿಗೆ ಎಂಥ ಕಂಪ್ಯೂಟರ್, ಎಷ್ಟರ ಗ್ರಾಫಿಕ್ಸ್ ಕಾರ್ಡ್? – ಪ್ರಶ್ನೋತ್ತರ

ಪ್ರಶ್ನೆ (ಪೋಷಕರು, ಆಳಂದ): ಸರ್, ನಮಸ್ಕಾರ. ನನ್ನ ಮಗಳು ಈ ವರ್ಷ ಕಲಬುರಗಿಯಲ್ಲಿ ಒಳಾಂಗಣ ವಿನ್ಯಾಸದ ಪದವಿಗೆ ಸೇರಿದ್ದಾಳೆ. ಮೊದಲ ವರ್ಷಕ್ಕೆ ಆಟೊಕ್ಯಾಡ್, ಸ್ಕೆಚ್‌ಅಪ್ ಮತ್ತು ಫೋಟೊಶಾಪ್ ಸಾಕೆಂದೂ, ಮೂರನೆಯ ಸೆಮಿಸ್ಟರಿನಿಂದ ರೆಂಡರಿಂಗ್ (3ಡಿ ಮಾದರಿಯಿಂದ ನೈಜವೆನಿಸುವ ಚಿತ್ರ ತೆಗೆಯುವ ಕೆಲಸ) ಶುರುವಾಗುತ್ತದೆಂದೂ ಕಾಲೇಜಿನವರು ಹೇಳಿದ್ದಾರೆ. ಅಂಗಡಿಯೊಂದರವರು ‘ಐ7 ಪ್ರೊಸೆಸರ್, 16 ಜಿ.ಬಿ. ರ‍್ಯಾಮ್, 4 ಜಿ.ಬಿ. ಗ್ರಾಫಿಕ್ಸ್ ಕಾರ್ಡ್, 22 ಇಂಚಿನ ಮಾನಿಟರ್’ ಎಂದು ಕೊಟೇಶನ್ ಬರೆದುಕೊಟ್ಟಿದ್ದಾರೆ. ನನ್ನ ಮಿತಿ 75,000 ರೂಪಾಯಿ. ಅವರು ಅದಕ್ಕಿಂತ ಬಹಳ ಕಡಿಮೆ ಹೇಳುತ್ತಿದ್ದಾರೆ. ಇದನ್ನು ತೆಗೆದುಕೊಳ್ಳಬಹುದೇ?

ಉತ್ತರ: ನಮಸ್ಕಾರ ಸರ್. ಆ ಕೊಟೇಶನ್‌ನಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚಿದೆ. ಐ7 ಎಂಬ ಹೆಸರು 2008ರಿಂದ ಬಳಕೆಯಲ್ಲಿರುವುದರಿಂದ, ಅದರ ಮುಂದೆ ಯಾವ ತಲೆಮಾರಿನದು ಎಂಬ ಸಂಖ್ಯೆ ಇಲ್ಲದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಮೂರನೆಯ ಅಥವಾ ನಾಲ್ಕನೆಯ ತಲೆಮಾರಿನ ಐ7ಗಿಂತ 2022ರಲ್ಲಿ ಬಂದ ಐ5-12400 ಎಷ್ಟೋ ಮುಂದಿದೆ. ಜೊತೆಗೆ, ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್‌ನ ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕಾಗುತ್ತದೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಚೇರಿ ಯಂತ್ರಗಳಿಗೆ ಹೊಸ ಕ್ಯಾಬಿನೆಟ್ ತೊಡಿಸಿ ಮಾರುವ ಮಾಲು ನಮ್ಮ ಕಡೆ ಸಾಕಷ್ಟು ಬರುತ್ತಿದೆ, ಆದ್ದರಿಂದ ಮೊದಲು ಮಾದರಿ ಸಂಖ್ಯೆ ಕೇಳಿರಿ.

‘4 ಜಿ.ಬಿ. ಕಾರ್ಡ್’ ಎಂಬುದೂ ಹಾಗೆಯೇ. ಆ ಬೆಲೆಗೆ ಬರುವುದು ಬಹುತೇಕ ಜಿಟಿ 730 ಆಗಿರುತ್ತದೆ. ಅದು 2014ರ ಕಾರ್ಡ್. ಪೆಟ್ಟಿಗೆಯ ಮೇಲೆ ಮೆಮೊರಿ ಎಷ್ಟು ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ, ಆ ಮೆಮೊರಿಯ ವೇಗ ಎಷ್ಟು ಎಂಬುದು ಎಲ್ಲಿಯೂ ಇರುವುದಿಲ್ಲ. ಡಿಡಿಆರ್3 ಮೆಮೊರಿಯ ಜಿಟಿ 730 ಸೆಕೆಂಡಿಗೆ 30 ಜಿ.ಬಿ. ದತ್ತಾಂಶವನ್ನೂ ಸಾಗಿಸಲಾರದು, 12 ಜಿ.ಬಿ.ಯ ಆರ್‌ಟಿಎಕ್ಸ್ 3060 ಸೆಕೆಂಡಿಗೆ 360 ಜಿ.ಬಿ. ಸಾಗಿಸುತ್ತದೆ. ಅಗಲವಾದ ಹಗೇವಿನ ಬಾಯಿ ಕಿರಿದಾಗಿದ್ದರೆ ಒಳಗೆ ಎಷ್ಟು ಜೋಳವಿದ್ದರೂ ತೆಗೆಯುವವನಿಗೆ ಸಿಗುವುದು ಸೇರು ಸೇರೇ. ಇಂಥ ಕಾರ್ಡ್ ಹಾಕಿಸುವುದಕ್ಕಿಂತ ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್ ಸಾಕು.

ನಿಮ್ಮ ಮಗಳ ವಿಷಯದಲ್ಲಿ ನಾನು ಸೂಚಿಸುವುದೂ ಅದನ್ನೇ. ಆಟೊಕ್ಯಾಡ್ ಮತ್ತು ಸ್ಕೆಚ್‌ಅಪ್ ಎರಡೂ ಹೆಚ್ಚಾಗಿ ಪ್ರೊಸೆಸರ್‌ನ ಒಂದೇ ಕೋರ್‌ನ (ಲೆಕ್ಕ ಮಾಡುವ ಘಟಕದ) ವೇಗವನ್ನು ನೆಚ್ಚಿಕೊಂಡಿವೆ. ಫೋಟೊಶಾಪ್‌ಗೆ ಮೊದಲು ಬೇಕಾದದ್ದು ರ‍್ಯಾಮ್ ಮತ್ತು ವೇಗದ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಚಿಪ್ ಡಿಸ್ಕ್). ಆದುದರಿಂದ ಈಗ ಐ5-12400 ಅಥವಾ 13400, 1 ಟಿ.ಬಿ. ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆಯ ಐಪಿಎಸ್ ಮಾನಿಟರ್ ಮತ್ತು ಮುಂದೆ ಬರಲಿರುವ ಕಾರ್ಡನ್ನು ತಡೆದುಕೊಳ್ಳುವ 550 ಅಥವಾ 650 ವಾಟ್‌ನ ಎಸ್‌ಎಂಪಿಎಸ್ (ಯಂತ್ರದ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಹಾಕಿಸಿ, ಕಾರ್ಡನ್ನು ಮೂರನೆಯ ಸೆಮಿಸ್ಟರಿಗೆ ಬಿಡಿರಿ. ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇರಬಾರದು, ಏಕೆಂದರೆ ಆ ಮಾದರಿಗಳಲ್ಲಿ ಒಳ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಇಲ್ಲದೆ ಪರದೆಯೇ ಬೆಳಗುವುದಿಲ್ಲ. ಕಾರ್ಡಿನ ಬೆಲೆ ಮುಂದಿನ ವರ್ಷ ಏರಲೂಬಹುದು, ಇಳಿಯಲೂಬಹುದು; ಆದರೆ ವಾರಂಟಿ ಕೊಂಡ ದಿನದಿಂದಲೇ ಓಡತೊಡಗುತ್ತದೆ, ಕೆಲಸವಿಲ್ಲದ ಕಾರ್ಡಿಗೆ ಒಂದು ವರ್ಷ ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲ.

ಇನ್ನೊಂದು ಮಾತು. ಆಟೊಡೆಸ್ಕ್ ಸಂಸ್ಥೆಯು ಆಟೊಕ್ಯಾಡ್, ರೆವಿಟ್, 3ಡಿಎಸ್ ಮ್ಯಾಕ್ಸ್‌ಗಳನ್ನು ಕಾಲೇಜಿನ ದಾಖಲೆ ತೋರಿಸಿದ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತದೆ. ‘ಎಲ್ಲಾ ಸಾಫ್ಟ್‌ವೇರ್ ನಾವೇ ಹಾಕಿಕೊಡುತ್ತೇವೆ’ ಎಂಬ ಅಂಗಡಿಯ ಉದಾರತೆಗೆ ಮರುಳಾಗುವುದು ಬೇಡ, ಕಳ್ಳ ಪ್ರತಿಯೊಂದಿಗೆ ವೈರಸ್ ಕೂಡ ಉಚಿತವಾಗಿಯೇ ಬರುತ್ತದೆ.

ಪ್ರಶ್ನೆ (ಅದೇ ಪೋಷಕರು): ಬಹಳ ಉಪಕಾರವಾಯಿತು ಸರ್. ರ‍್ಯಾಮ್ 16 ಸಾಕೇ, 32 ಬೇಕೇ? ಈಗ ಅದರ ಬೆಲೆ ವಿಪರೀತ ಏರಿದೆ ಎನ್ನುತ್ತಾರೆ.

ಉತ್ತರ: ಏರಿರುವುದು ನಿಜ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ದರ ಎಲ್ಲೆಡೆ ಜಿಗಿದಿದೆ. ಈಗ 16 ಸಾಕು. ಮದರ್‌ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ 8 ಜಿ.ಬಿ.ಯ ಎರಡು ಕಡ್ಡಿ ಹಾಕಿಸಿರಿ, ಎರಡೂ ಜೋಡಿಯಾಗಿ ಕೆಲಸ ಮಾಡಿದರೆ ಒಳ ಗ್ರಾಫಿಕ್ಸ್‌ಗೂ ವೇಗ ಸಿಗುತ್ತದೆ. ಎರಡೇ ಸ್ಲಾಟ್ ಇದ್ದರೆ ಮಾತ್ರ 16ರ ಒಂದೇ ಕಡ್ಡಿ ಹಾಕಿಸಿ ಇನ್ನೊಂದನ್ನು ಖಾಲಿ ಉಳಿಸಿಕೊಳ್ಳಿರಿ.

ಪ್ರಶ್ನೆ (ವಿದ್ಯಾರ್ಥಿ, ಬೀದರ್): ಸರ್, ನಾನು ಉತ್ಪನ್ನ ವಿನ್ಯಾಸದ ಅಂತಿಮ ವರ್ಷದಲ್ಲಿದ್ದೇನೆ. ಬಿದರಿ ಹೂಜಿ ಮತ್ತು ತಟ್ಟೆಗಳ 3ಡಿ ಮಾದರಿಗಳನ್ನು ಬ್ಲೆಂಡರ್ ಎಂಬ ಉಚಿತ 3ಡಿ ತಂತ್ರಾಂಶದಲ್ಲಿ ಮಾಡಬೇಕಿದೆ. ಮಹಮೂದ್ ಗಾವಾನ್ ಮದರಸಾದ ಹೆಂಚಿನ ಕೆಲಸವನ್ನು ನೂರಾರು ಫೋಟೊ ತೆಗೆದು 3ಡಿಗೆ ತರುವ ಯೋಜನೆಯೂ ಇದೆ. ಎನ್‌ವಿಡಿಯಾ ಕಂಪನಿಯ ಕಾರ್ಡೇ ಬೇಕೇ, ಎಎಂಡಿ ಕಂಪನಿಯದು ನಡೆಯುತ್ತದೆಯೇ? ಹೈದರಾಬಾದ್‌ಗೆ ಹೋಗಿ ತರಬೇಕೆಂದಿದ್ದೇನೆ.

ಉತ್ತರ: ನಿಮ್ಮ ಎರಡು ಕೆಲಸಗಳಿಗೆ ಉತ್ತರ ಬೇರೆ ಬೇರೆ. ಬ್ಲೆಂಡರ್‌ನ ಸೈಕಲ್ಸ್ ರೆಂಡರರ್ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರರಲ್ಲೂ ನಡೆಯುತ್ತದೆ, ಆದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ‘ಆಪ್ಟಿಕ್ಸ್’ ಎಂಬ ವ್ಯವಸ್ಥೆಯ ಮೂಲಕ ಬೆಳಕಿನ ಕಿರಣಗಳ ಲೆಕ್ಕ ಬೇಗ ಮುಗಿಯುತ್ತದೆ. ಬಿದರಿಯಲ್ಲಿ ಇದು ಕಣ್ಣಿಗೆ ಕಾಣುವಷ್ಟು ಮುಖ್ಯ: ಕಪ್ಪು ಮೈ ಬೆಳಕನ್ನು ನುಂಗುತ್ತದೆ, ಅದರೊಳಗೆ ಕೂರಿಸಿದ ಬೆಳ್ಳಿಯ ಎಳೆ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆಸೆಯುತ್ತದೆ. ಹೀಗೆ ಅಕ್ಕಪಕ್ಕದಲ್ಲೇ ಇರುವ ಎರಡು ವಿರುದ್ಧ ಮೈಗಳ ಅಂಚಿನಲ್ಲಿ ಕಾಳುಕಾಳಾದ ಚುಕ್ಕೆಗಳು (ನಾಯ್ಸ್) ಉಳಿಯುತ್ತವೆ, ಅವನ್ನು ಹೋಗಲಾಡಿಸಲು ಸ್ಯಾಂಪಲ್ (ಚಿತ್ರದ ಪ್ರತಿ ಬಿಂದುವಿಗೆ ಲೆಕ್ಕ ಹಾಕುವ ಕಿರಣಗಳ) ಸಂಖ್ಯೆಯನ್ನು ಹೆಚ್ಚಿಸಿದಷ್ಟೂ ಸಮಯ ಬೆಳೆಯುತ್ತದೆ.

ಫೋಟೊಗಳಿಂದ 3ಡಿ ಕಟ್ಟುವ ಕೆಲಸಕ್ಕೆ ಮಾತ್ರ ಆಯ್ಕೆಯೇ ಇಲ್ಲ ಎನ್ನಬಹುದು. ಉಚಿತವಾಗಿ ದೊರೆಯುವ ಮೆಶ್‌ರೂಮ್ ತಂತ್ರಾಂಶದಲ್ಲಿ ಸೂಕ್ಷ್ಮ ವಿವರಗಳನ್ನು ಕಟ್ಟುವ ಹಂತಕ್ಕೆ ಎನ್‌ವಿಡಿಯಾದ ‘ಕೂಡಾ’ (CUDA) ಎಂಬ ತಂತ್ರಜ್ಞಾನ ಬೇಕೇ ಬೇಕು. ಅದೇ ಕೆಲಸ ಮಾಡುವ ಮೆಟಾಶೇಪ್ ಎಎಂಡಿಯನ್ನೂ ಒಪ್ಪುತ್ತದೆ, ಆದರೆ ಅದು ಹಣ ಕೊಟ್ಟು ಕೊಳ್ಳುವಂಥದ್ದು. ಆದ್ದರಿಂದ ನಿಮಗೆ ಎನ್‌ವಿಡಿಯಾ. ಅದರಲ್ಲಿಯೂ ಕಾರ್ಡಿನ ಹೊಸತನಕ್ಕಿಂತ ಮೆಮೊರಿಯನ್ನು ಮೊದಲು ನೋಡಿರಿ. ಆರ್‌ಟಿಎಕ್ಸ್ 4060 ಹೊಸದು, 115 ವಾಟ್‌ನಲ್ಲಿ ಮುಗಿಸುತ್ತದೆ, ಆದರೆ ಅದರಲ್ಲಿರುವುದು 8 ಜಿ.ಬಿ. ಮಾತ್ರ, 2021ರ 3060 ಹಳೆಯದು, 170 ವಾಟ್ ಕುಡಿಯುತ್ತದೆ, ಆದರೂ 12 ಜಿ.ಬಿ. ಇದೆ. ದೃಶ್ಯವು ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ರೆಂಡರ್ ಅರ್ಧಕ್ಕೆ ನಿಲ್ಲುತ್ತದೆ ಅಥವಾ ರ‍್ಯಾಮ್‌ನಿಂದ ಎರವಲು ಪಡೆಯುತ್ತಾ ತೆವಳುತ್ತದೆ, ಆಗ ಹೊಸ ತಲೆಮಾರಿನ ವೇಗ ಉಪಯೋಗಕ್ಕೆ ಬರುವುದಿಲ್ಲ. ಕೈಗೆಟುಕಿದರೆ 16 ಜಿ.ಬಿ.ಯ 4060 ಟಿಐ ಅಥವಾ 5060 ಟಿಐ ಹೊಸತನ, ಮೆಮೊರಿ ಎರಡನ್ನೂ ನೀಗಿಸುತ್ತದೆ. ಆದರೆ ಈ ಎರಡೂ 8 ಜಿ.ಬಿ.ಯಲ್ಲಿಯೂ ಅದೇ ಹೆಸರಿನಲ್ಲಿ ಸಿಗುತ್ತವೆ, 3060 ಕೂಡ 8 ಜಿ.ಬಿ.ಯಲ್ಲಿ ಬಂದಿದೆ, ಬಿಲ್ಲಿನಲ್ಲಿ ಮೆಮೊರಿಯನ್ನು ಬರೆಸಿಕೊಳ್ಳಿರಿ. ನಿಮ್ಮ ಕೆಲಸಕ್ಕೆ ರ‍್ಯಾಮ್ 32 ಜಿ.ಬಿ. ಬೇಕಾಗುತ್ತದೆ.

ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಆಯ್ಕೆ ಹೆಚ್ಚು, ದರದಲ್ಲಿಯೂ ವ್ಯತ್ಯಾಸವಿರುತ್ತದೆ. ಕಾರ್ಡ್ ಮತ್ತು ಪ್ರೊಸೆಸರ್ ಅಲ್ಲಿಂದ ತಂದರೆ ತಪ್ಪಿಲ್ಲ. ಎಸ್‌ಎಂಪಿಎಸ್, ಯುಪಿಎಸ್ ಮತ್ತು ಮಾನಿಟರ್ ಮಾತ್ರ ಊರಲ್ಲೇ ಕೊಳ್ಳಿರಿ, ಕೆಟ್ಟಾಗ ಹೊತ್ತುಕೊಂಡು ಅಲೆಯಬೇಕಾದದ್ದು ಅವನ್ನೇ.

ಪ್ರಶ್ನೆ (ವಿದ್ಯಾರ್ಥಿನಿ, ಯಾದಗಿರಿ): ಸರ್, ಪರಿಚಿತರೊಬ್ಬರು ಬಳಸಿದ ಆರ್‌ಟಿಎಕ್ಸ್ 3060 ಕಾರ್ಡನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಮೈನಿಂಗ್‌ಗೆ (ಕ್ರಿಪ್ಟೊ ನಾಣ್ಯ ಗಳಿಸಲು ಹಗಲಿರುಳು ಓಡಿಸುವುದಕ್ಕೆ) ಬಳಸಿದ್ದರೆ ಎಂಬ ಹೆದರಿಕೆ ಇದೆ.

ಉತ್ತರ: 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯವು ಕಾರ್ಡುಗಳ ಮೈನಿಂಗ್ ಬೇಡದ ಪದ್ಧತಿಗೆ ಬದಲಾದ ಮೇಲೆ ಅಂಥ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದದ್ದು ನಿಜ, ಆದರೆ ಮೈನಿಂಗ್‌ಗೆ ದುಡಿದ ಮಾತ್ರಕ್ಕೆ ಕಾರ್ಡ್ ಸತ್ತುಹೋಗುವುದಿಲ್ಲ. ಸವೆಯುವುದು ಫ್ಯಾನ್ ಮತ್ತು ಮೆಮೊರಿಯ ಮೇಲಿನ, ಶಾಖ ಸಾಗಿಸುವ ಥರ್ಮಲ್ ಪ್ಯಾಡ್. ಹಣ ಕೊಡುವ ಮೊದಲು ಅದನ್ನು ಯಂತ್ರದಲ್ಲಿ ಕೂರಿಸಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಮಾದರಿ ಮತ್ತು ಮೆಮೊರಿ ಸರಿಯಾಗಿದೆಯೇ ಎಂದು ನೋಡಿರಿ. ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತಿದ್ದಿದ ನಕಲಿ ಕಾರ್ಡನ್ನು ಅದು ಸಾಮಾನ್ಯವಾಗಿ ಹಿಡಿದುಹಾಕುತ್ತದೆ. ಆಮೇಲೆ ಬ್ಲೆಂಡರ್‌ನಲ್ಲಿ ಅರ್ಧ ಗಂಟೆಯಾದರೂ ರೆಂಡರ್ ಓಡಿಸಿ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮೂಡುತ್ತವೆಯೇ, ಫ್ಯಾನ್ ಕರಕರ ಎನ್ನುತ್ತದೆಯೇ ಗಮನಿಸಿರಿ. ಹಳೆಯ ಬಿಲ್ ಇಲ್ಲ ಎಂದರೆ ಬೆಲೆಯನ್ನು ಇನ್ನಷ್ಟು ಇಳಿಸಿ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ (ಪೋಷಕರು, ಶಹಾಪುರ): ಬೇಸಿಗೆಯಲ್ಲಿ ನಮ್ಮ ಮನೆಯ ಮಾಳಿಗೆ ಕಾದು ಹೆಂಚಾಗುತ್ತದೆ, ಕರೆಂಟಿನ ಭರವಸೆಯೂ ಇಲ್ಲ. ಹೀಗಿರುವಾಗ ಇಷ್ಟು ದುಬಾರಿ ಯಂತ್ರ ತಾಳುತ್ತದೆಯೇ? ಅಂಗಡಿಯವರು 600 ವಿಎ ಯುಪಿಎಸ್ ಕೊಡುತ್ತಿದ್ದಾರೆ.

ಉತ್ತರ: ತಾಳುತ್ತದೆ, ಆದರೆ ಬೆಂಗಳೂರಿನವರ ಬಿಡಿಭಾಗಗಳ ಪಟ್ಟಿಯನ್ನು ನಮ್ಮ ಕಡೆ ಹಾಗೆಯೇ ಬಳಸಲಾಗದು. ಕೋಣೆಯಲ್ಲಿ 25 ಡಿಗ್ರಿ ಇದ್ದಾಗ 70ರಲ್ಲಿ ನಿಲ್ಲುವ ಕಾರ್ಡ್, ಏಪ್ರಿಲ್–ಮೇ ತಿಂಗಳಲ್ಲಿ ಕೋಣೆಯೇ 40 ಮುಟ್ಟಿದಾಗ 85ರ ಹತ್ತಿರ ಹೋಗುತ್ತದೆ, ಆ ಬಳಿಕ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮುಂಭಾಗ ಪೂರ್ತಿ ಗಾಜಿರುವ, ಬಣ್ಣಬಣ್ಣದ ದೀಪದ ಕ್ಯಾಬಿನೆಟ್ ನೋಡಲು ಚೆಂದ, ನಮ್ಮ ಹವೆಗೆ ಅಲ್ಲ. ಮುಂದೆ ಜಾಲರಿ, ಎರಡು ಫ್ಯಾನ್ ಗಾಳಿ ಎಳೆಯಲು, ಹಿಂದೊಂದು ಹೊರಹಾಕಲು ಇರಲಿ. ದೂಳು ತೆಗೆಯುವಾಗ ಕಾರ್ಡಿನ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹಿಡಿಯಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಯುಪಿಎಸ್ 600 ವಿಎ ಎಂದರೆ ಸುಮಾರು 360 ವಾಟ್. ರೆಂಡರ್ ನಡೆಯುವಾಗ ಐ5 ಮತ್ತು 4060 ಇರುವ ಯಂತ್ರವು ಮಾನಿಟರ್ ಸೇರಿ 300ರ ಆಸುಪಾಸು ಎಳೆಯುತ್ತದೆ, ಆ ಭಾರದಲ್ಲಿ ಸಣ್ಣ ಬ್ಯಾಟರಿ ಫೈಲ್ ಉಳಿಸಿಕೊಳ್ಳಲು ಬಿಟ್ಟರೆ ಅದೇ ಪುಣ್ಯ. 1 ಕೆವಿಎ ತೆಗೆದುಕೊಳ್ಳಿರಿ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಬಹುದು. ಎಲ್ಲಕ್ಕಿಂತ ಮೊದಲು ಅರ್ಥಿಂಗ್ ನೋಡಿಸಿರಿ: ಬರಿಗಾಲಿನಲ್ಲಿ ಪರಸಿ ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ನರನ್ನು ಕರೆಸುವವರೆಗೆ ಯಂತ್ರ ಹಚ್ಚಬೇಡಿರಿ.

ಪ್ರಶ್ನೆ (ವಿದ್ಯಾರ್ಥಿ, ಕಲಬುರಗಿ): ಸರ್, ಹೊಸ ಕಾರ್ಡ್ ಹಾಕಿಸಿದ ಮೇಲೂ ಬ್ಲೆಂಡರ್ ಮೊದಲಿನಷ್ಟೇ ನಿಧಾನವಾಗಿದೆ. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಬ್ಲೆಂಡರ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ವಿಭಾಗ ತೆರೆದು ಆಪ್ಟಿಕ್ಸ್ ಆರಿಸಿ ಕಾರ್ಡಿನ ಹೆಸರಿಗೆ ಟಿಕ್ ಹಾಕಿರಿ, ಬಳಿಕ ರೆಂಡರ್ ಟ್ಯಾಬ್‌ನಲ್ಲಿ ಡಿವೈಸ್ ಎಂಬಲ್ಲಿ ಸಿಪಿಯು ಬದಲು ಜಿಪಿಯು ಮಾಡಿರಿ. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡ್‌ನ ಹಳೆಯ ತೂತಿನಲ್ಲೇ ಇದ್ದರೆ ಅದನ್ನೂ ಕೆಳಗಿನ ಕಾರ್ಡಿಗೆ ಚುಚ್ಚಿರಿ. ಆಮೇಲೂ ನಿಧಾನವಿದ್ದರೆ ಜಿಪಿಯು-ಝಡ್‌ನ ಚಿತ್ರವನ್ನು ಇಲ್ಲಿ ಹಾಕಿರಿ, ನೋಡಿ ಹೇಳುತ್ತೇನೆ.